ಹೊರಸಿನ ಮೇಲಿನ ದ್ರಾಕ್ಷಿ

ದ್ರಾಕ್ಷಿಗೆ ತಡೆದುಕೊಂಡು ಗೊತ್ತಿಲ್ಲ. ಮಾವು, ಬಾಳೆ, ಚಿಕ್ಕುಗಳನ್ನು ಕಾಯಿದ್ದಾಗಲೇ ಕಿತ್ತು ಅಡಿ ಹಾಕಿದರೆ ಮನೆಯಲ್ಲಿ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ, ಬಳ್ಳಿಯ ಮೇಲೇ ಹಣ್ಣಾಗಬೇಕು. ಹಣ್ಣಾದ ಮೇಲೆ ಬಳ್ಳಿಯ ಮೇಲೆ ಬಹಳ ದಿನ ಬಿಡುವ ಹಾಗೂ ಇಲ್ಲ. ಕಾಳು ಮೆತ್ತಗಾಗುತ್ತದೆ, ಬಿರಿಯುತ್ತದೆ, ಜೇನುಹುಳ, ಹಕ್ಕಿಗಳ ಪಾಲಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಏಪ್ರಿಲ್ ಚಾಟ್ನಿಯದು, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸದ್ದು. ಹಣ್ಣಿನ ಭಾರ ಇಳಿಸಿ ಬಳ್ಳಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು, ಏಪ್ರಿಲ್‌ನಲ್ಲಿ ಕಡ್ಡಿ ಕತ್ತರಿಸಿದರೆ ಮಾತ್ರ ಹೊಸ ಕಡ್ಡಿ ಬಲಿತು, ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಮುಂದಿನ ವರ್ಷದ ಗೊಂಚಲಿಗೆ ತಯಾರಾಗುತ್ತದೆ. ಈ ವರ್ಷದ ಹಣ್ಣು ಬಳ್ಳಿಯಲ್ಲೇ ಉಳಿದರೆ ಬರುವ ವರ್ಷದ ಬೆಳೆಗೂ ಏಟು.

ಇದು ಗೊತ್ತಿದ್ದರೆ 2020ರ ಯುಗಾದಿ ನಮ್ಮ ಭಾಗದವರಿಗೆ ಯಾಕೆ ಅಷ್ಟು ಕಹಿಯಾಗಿತ್ತು ಅನ್ನುವುದು ತಿಳಿಯುತ್ತದೆ. ಮಾರ್ಚ್ 24ರ ರಾತ್ರಿ ಕೊರೋನಾದಿಂದಾಗಿ ದೇಶಕ್ಕೆ ಬೀಗ ಬಿತ್ತು. ಮರುದಿನ ಯುಗಾದಿ. ಆ ಹೊತ್ತಿಗೆ ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ಪಡಗಳಲ್ಲಿ, ಅಂದರೆ ದ್ರಾಕ್ಷಿ ತೋಟಗಳಲ್ಲಿ, ಇನ್ನೂ ಹಣ್ಣು ತೂಗುತ್ತಿತ್ತು. ಕೊಳ್ಳುವವರು ಫೋನ್ ಎತ್ತುತ್ತಿರಲಿಲ್ಲ, ಲಾರಿ ಇರಲಿಲ್ಲ, ಕಟಾವಿಗೆ ಆಳಿರಲಿಲ್ಲ.

ನನ್ನ ಅವ್ವನ ತವರು ಬಬಲೇಶ್ವರ. ಅವಳ ಬೆನ್ನಿಗೆ ಹುಟ್ಟಿದ ಚಿಗವ್ವನನ್ನು ಕೊಟ್ಟದ್ದು ತಿಕೋಟಾಕ್ಕೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರಿನ ಹಾದಿ. ಅವಳ ಗಂಡನ, ಅಂದರೆ ನನ್ನ ಕಾಕಾನ, ಪಡದಲ್ಲಿ ಇರುವುದು ಥಾಮ್ಸನ್ ಸೀಡ್‌ಲೆಸ್. ಆ ಬಳ್ಳಿಗಳನ್ನು ಅವರು ಹೇಗೆ ಉಳಿಸಿಕೊಂಡರು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಈ ಕಡೆ ಬರುವ ಮುಂಚೆ, ಬರದ ಬೇಸಿಗೆಗಳಲ್ಲಿ ಬೋರು ಬತ್ತಿದಾಗ, ಟ್ಯಾಂಕರ್ ನೀರು ಕೊಂಡು ಹೊಂಡಕ್ಕೆ ಸುರಿಸಿ, ಅಲ್ಲಿಂದ ಹನಿ ಹನಿಯಾಗಿ ಬಿಟ್ಟು ಬೇರು ಒಣಗದ ಹಾಗೆ ನೋಡಿಕೊಂಡವರು. ಹೆಂಡತಿಯ ಕೊರಳಿನ ಬಂಗಾರ ಬ್ಯಾಂಕಿನಲ್ಲಿಟ್ಟು ಬಳ್ಳಿಗೆ ನೀರು ಕುಡಿಸಿದವರು. ಅಂಥವರ ಹಣ್ಣು ಕೊಳೆತು ನೆಲಕ್ಕೆ ಬೀಳುವುದನ್ನು ನೋಡುವುದು ಸಾಮಾನ್ಯ ಸಂಕಟವಲ್ಲ.

ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ಎಲ್ಲರೂ ಒಮ್ಮೆಲೇ ಶೆಡ್ಡಿನ ಕಡೆ ತಿರುಗಿದ್ದರು. ತಿನ್ನುವ ಹಣ್ಣಾಗಿ ಪೇಟೆಗೆ ಹೋಗಬೇಕಿದ್ದದ್ದೂ ರ‍್ಯಾಕಿಗೆ ಬಂತು. ಕಾಕಾನ ರ‍್ಯಾಕುಗಳ ಜಾಳಿಗೆಗಳೆಲ್ಲ ತುಂಬಿ, ಹಣ್ಣು ಅದ್ದುವ ಡಿಪ್ಪಿಂಗ್ ಆಯಿಲ್ ತೀರಿ, ಅದನ್ನು ಮಾರುವ ಅಂಗಡಿ ಮುಚ್ಚಿ, ಇನ್ನೂ ಪಡದ ಒಂದು ಮಗ್ಗಲು ಹಾಗೇ ಉಳಿದಿತ್ತು. ಕೃಷಿ ಸಾಗಾಟಕ್ಕೆ ವಿನಾಯಿತಿ ಸಿಕ್ಕ ಮೇಲೆ ಒಂದು ಬೆಳಿಗ್ಗೆ ಕಾಕಾ ಟೆಂಪೋದಲ್ಲಿ ಕ್ರೇಟುಗಳನ್ನು ಹೇರಿಕೊಂಡು ವಿಜಯಪುರದ ನಮ್ಮ ಓಣಿಗೆ ಬಂದರು. ಓಣಿಯವರಿಗೆಲ್ಲ ಹಂಚಿದರು. ಉಳಿದ ಕ್ರೇಟುಗಳನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ, ನೀರು ಕುಡಿದು, ಹೆಚ್ಚು ಮಾತಾಡದೆ ಹೋದರು.

ಚಿಗವ್ವ ಆಗ ನಮ್ಮ ಮನೆಯಲ್ಲೇ ಇದ್ದಳು. ಅವ್ವನ ಕಣ್ಣಿನ ಆಪರೇಷನ್ ಆಗಿತ್ತು, ನಾಲ್ಕು ದಿನ ನೋಡಿಕೊಳ್ಳಲು ಬಂದವಳು ಲಾಕ್‌ಡೌನಿಗೆ ಸಿಕ್ಕಿಕೊಂಡಿದ್ದಳು. ಗಂಡ ಹೋದ ಮೇಲೆ ಕ್ರೇಟುಗಳ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಂದು ಗೊಂಚಲು ಎತ್ತಿ ಬೆಳಕಿಗೆ ಹಿಡಿದು ನೋಡಿ, “ಯವ್ವಾ, ದೊಡ್ಡ ಪರಾತ ತಗೊಂಡ್ ಬಾ. ಹಣ್ಣ ಬಂದದ, ಕೆಲಸ ಮಾಡೂಣು” ಅಂದಳು.

“ಚಿಗವ್ವಾ, ನಮ್ಮನ್ಯಾಗ ಶೆಡ್ ಇಲ್ಲ, ಎಣ್ಣಿ ಇಲ್ಲ, ಮಸಿನ್ ಇಲ್ಲ. ಹೆಂಗ ಮಾಡೂದು?”

“ಬಿಸಲ ಅದ, ಒಲಿ ಅದ, ಹೊರಸ ಅದ. ಮತ್ತೇನ್ ಬೇಕು?”

ಮೊದಲ ಕೆಲಸ ಆರಿಸುವುದು. ಚಿಗವ್ವ ಇದರಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಗಟ್ಟಿ, ಹಳದಿಗೆ ತಿರುಗತೊಡಗಿದ, ಬಾಯಲ್ಲಿಟ್ಟರೆ ಸಕ್ಕರೆಯಂತಿರುವ ಕಾಳು ಒಣಗಿಸಲು. ಸ್ವಲ್ಪ ಮೆತ್ತಗಾದದ್ದು, ಗೊಂಚಲಿನಿಂದ ಉದುರಿದ್ದು ರಸಕ್ಕೆ. ಬಿರಿದು ವಾಸನೆ ಬಂದದ್ದು, ಬೂಸ್ಟು ಹತ್ತಿದ್ದು ದನಕ್ಕೂ ಬೇಡ, ಗಿಡದ ಬುಡಕ್ಕೆ. “ಒಂದ್ ಕೊಳತದ್ದು ಹತ್ ಒಳ್ಳೇವನ್ನ ತಿಂತದ” ಎಂದು ಹೇಳುತ್ತಲೇ ಒಂದೊಂದು ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದಳು. ಅಗ್ಗದಲ್ಲಿ ಬಂದ ಹಣ್ಣು ಎಂದು ಕೆಟ್ಟದ್ದನ್ನೂ ಸೇರಿಸಿ ಉಳಿಸಲು ಹೋಗುವವರನ್ನು ನಾನು ಆಮೇಲೆ ಬಹಳ ನೋಡಿದ್ದೇನೆ. ಬಾಟಲಿಗೆ ಹಾಕಿದರೆ ಕೆಟ್ಟ ಹಣ್ಣು ಒಳ್ಳೆಯದಾಗುವುದಿಲ್ಲ. ಆರಿಸಿದ್ದನ್ನು ಮೂರು ನೀರಿನಲ್ಲಿ ತೊಳೆದೆವು. ಪಡಕ್ಕೆ ಔಷಧ ಹೊಡೆದಿರುತ್ತಾರೆ, ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು.

ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳಗೆ ಬಿಳಿಯ ಪುಡಿ ಹಚ್ಚಿದಂತೆ ಕಾಣುತ್ತದಲ್ಲ, ಅದು ಹಣ್ಣಿನದೇ ಮೇಣ. ಒಳಗಿನ ನೀರು ಹೊರಗೆ ಹೋಗದಂತೆ ಕಾಯುವುದು ಅದರ ಕೆಲಸ. ಹಣ್ಣಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಮೇಣ ಹಾಗೇ ಇದ್ದರೆ ಒಣಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಹಣ್ಣು ಹುಳಿಯುತ್ತದೆ. ಅದಕ್ಕೇ ನಮ್ಮ ರೈತರು ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಕಲಸಿ ಗೊಂಚಲನ್ನು ಕೆಲ ನಿಮಿಷ ಅದ್ದುತ್ತಾರೆ. ಆ ಎಣ್ಣೆ ಅಂದರೆ ಈಥೈಲ್ ಓಲಿಯೇಟ್. ಅದು ಮೇಣದ ಪದರವನ್ನು ಸಡಿಲಿಸಿ ನೀರಿಗೆ ದಾರಿ ಬಿಡುತ್ತದೆ. ಅದ್ದಿದ್ದನ್ನು ಶೆಡ್ಡಿನ ನೆರಳಿನಲ್ಲಿ, ಗಾಳಿಯಾಡುವ ಜಾಳಿಗೆಯ ಮೇಲೆ ಹರವಿದರೆ ಹನ್ನೆರಡರಿಂದ ಹದಿನೈದು ದಿನಕ್ಕೆ ಹಸಿರು ಬಣ್ಣ ಉಳಿಸಿಕೊಂಡೇ ಮಣೂಕವಾಗುತ್ತದೆ. ಇದು ಹೊಸ ವಿದ್ಯೆಯೂ ಅಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೊಲುಮೆಲ್ಲ ಎಂಬ ಕೃಷಿ ಲೇಖಕ, ಬೂದಿಯ ತಿಳಿನೀರು ಕುದಿಸಿ ಎಣ್ಣೆ ಬೆರೆಸಿ ಗೊಂಚಲು ಅದ್ದುವ ಕ್ರಮವನ್ನು ಬರೆದಿಟ್ಟಿದ್ದಾನೆ. ಬೂದಿನೀರಿನಲ್ಲಿ ಇರುವುದೂ ಅದೇ ಪೊಟ್ಯಾಸಿಯಂ ಕಾರ್ಬೊನೇಟ್.

ನಮ್ಮ ಬಳಿ ಎಣ್ಣೆ ಇರಲಿಲ್ಲ. ಚಿಗವ್ವ ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟಳು. ನೀರು ಕುದಿ ಬಂದ ಮೇಲೆ ತಟ್ಟೆಗಳಲ್ಲಿ ಬಿಡಿಸಿದ ಕಾಳು ಹರವಿ ಮುಚ್ಚಿದಳು. ಮೂರು ನಾಲ್ಕು ನಿಮಿಷಕ್ಕೆ ಮುಚ್ಚಳ ತೆಗೆದು ತೋರಿಸಿದಳು. ತಿಳಿಹಸಿರು ಹೋಗಿ ಕಾಳು ಮಂಕಾದ ಹಳದಿಗೆ ತಿರುಗಿತ್ತು. ಒಂದನ್ನು ಉಗುರಿನ ಮೇಲಿಟ್ಟು ನೋಡಿದರೆ ಸಿಪ್ಪೆಯ ಮೇಲೆ ಕೂದಲೆಳೆಯಂಥ ಸಣ್ಣ ಬಿರುಕುಗಳು. “ಇಷ್ಟ ಸಾಕು. ಇನ್ನೂ ಬಿಟ್ರ ಒಡದ ರಸಾ ಹೋಗ್ತದ” ಅಂದಳು. ಎಣ್ಣೆ ಮಾಡುವ ಕೆಲಸವನ್ನು ಉಗಿ ಮಾಡಿತ್ತು. ಬಣ್ಣ ಮಾತ್ರ ಹಸಿರು ಉಳಿಯುವುದಿಲ್ಲ, ಕಂದು ಬರುತ್ತದೆ. ಪೇಟೆಗೆ ಹಸಿರು ಬೇಕು, ಪಾಯಸಕ್ಕೆ ಎರಡೂ ಒಂದೇ.

ಮ್ಯಾಳಿಗೆಯ ಮೇಲೆ ಹಳೆಯ ನೂಲಿನ ಹೊರಸು ಹಾಕಿ, ಅದರ ಮೇಲೆ ಅಪ್ಪನ ತೊಳೆದ ಧೋತರ ಬಿಗಿದೆವು. ನೆಲದ ಮೇಲೆ ಯಾಕೆ ಬೇಡ ಅನ್ನುವುದನ್ನು ಚಿಗವ್ವ ನನ್ನ ಕೈ ಹಿಡಿದು ತೋರಿಸಿದಳು. ಹೊರಸಿನ ಕೆಳಗೆ ಕೈ ಒಡ್ಡಿದರೆ ಬಿಸಿಗಾಳಿ ಹಾಯುವುದು ಗೊತ್ತಾಗುತ್ತದೆ. ಮೇಲಿನ ಬಿಸಿಲಷ್ಟೇ ಕೆಳಗಿನ ಗಾಳಿಯೂ ಒಣಗಿಸುತ್ತದೆ, ಮಣ್ಣು ಇರುವೆಗಳ ಕಾಟವೂ ಕಡಿಮೆ. ಹೊರಸಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟೆವು. ನೊಣ ಕೂಡದ ಹಾಗೆ ಮೇಲೆ ಸೊಳ್ಳೆಪರದೆ. ಕಾಳುಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರ. ದಿನಕ್ಕೊಮ್ಮೆ ಹೊರಳಿಸುವುದು, ಹೊತ್ತು ಮುಳುಗಿದ ಕೂಡಲೇ ಒಳಗೆ ತರುವುದು. ವಿಜಯಪುರದ ಏಪ್ರಿಲ್ ಬಿಸಿಲನ್ನು ಬೈಯದವರಿಲ್ಲ. ಆದರೆ ನಲವತ್ತು ಡಿಗ್ರಿಯ ಆ ಒಣ ಬಿಸಿಲೇ ನಮ್ಮ ನೆಲಕ್ಕೆ ಮಣೂಕದ ಉದ್ಯೋಗ ಕೊಟ್ಟದ್ದು. ಕರಾವಳಿಯ ತೇವದ ಗಾಳಿಯಲ್ಲಿ ಇದೇ ಹಣ್ಣು ಹೊರಸಿನ ಮೇಲೆಯೇ ಬೂಸ್ಟು ಹಿಡಿಯುತ್ತಿತ್ತು.

ರಸದ ಕೆಲಸ ಸಂಜೆ. ಕಾಕಾ ಕ್ರೇಟುಗಳ ಜೊತೆಗೇ ಹಳೆಯ ಚಾಟ್ನಿಯ ಒಣಕಡ್ಡಿಯ ಹೊರೆಯೊಂದನ್ನು ಇಳಿಸಿ ಹೋಗಿದ್ದರು. ಗ್ಯಾಸ್ ಉಳಿಸಲು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದೆವು. ದ್ರಾಕ್ಷಿಯ ಕಡ್ಡಿ ಚಟಪಟ ಉರಿಯುತ್ತದೆ, ಬಳ್ಳಿಯದೇ ಕಟ್ಟಿಗೆಯ ಮೇಲೆ ಬಳ್ಳಿಯದೇ ಹಣ್ಣು. ಅವ್ವ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ದೂರ ಕುರ್ಚಿಯಲ್ಲಿ ಕೂತು ಬಬಲೇಶ್ವರದ ಮಾತು ತೆಗೆಯುತ್ತಿದ್ದಳು. ಅಕ್ಕ ತಂಗಿ ಇಬ್ಬರೂ ಅಷ್ಟು ದಿನ ಕೂಡಿ ಇದ್ದದ್ದು ಮದುವೆಯಾದ ಮೇಲೆ ಅದೇ ಮೊದಲು.

ಕಾಳುಗಳನ್ನು ದೊಡ್ಡ ಬೋಗುಣಿಯಲ್ಲಿ ಹಾಕಿ, ತಳ ಹತ್ತದಷ್ಟು ಮಾತ್ರ ನೀರು ಬಿಟ್ಟು, ಹದವಾಗಿ ಬಿಸಿ ಮಾಡಿ, ಮರದ ಕಡಗೋಲಿನಿಂದ ಒತ್ತಿ, ಬಟ್ಟೆಯಲ್ಲಿ ಸೋಸಿದೆವು. ಆ ರಸವನ್ನು ಚಿಗವ್ವ ತಕ್ಷಣ ಬಾಟಲಿಗೆ ಹಾಕಲಿಲ್ಲ. ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿಸಿದಳು. ಬೆಳಿಗ್ಗೆ ಮೇಲಿನ ತಿಳಿಯನ್ನು ನಿಧಾನ ಬಗ್ಗಿಸಿದರೆ ಪಾತ್ರೆಯ ತಳದಲ್ಲಿ ಮಡ್ಡಿಯ ಜೊತೆ ಮರಳಿನಂಥ ಹರಳು. ಬಾಯಿಗೆ ಹಾಕಿಕೊಂಡರೆ ಹುಳಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಹುಳಿ ಪೊಟ್ಯಾಸಿಯಂ ಜೊತೆ ಸೇರಿ ತಂಪಿಗೆ ಹೀಗೆ ಹರಳುಗಟ್ಟುತ್ತದೆ. ಅದು ಬಾಟಲಿಯಲ್ಲಿ ಕೂತರೆ ಕೆಡುಕೇನಿಲ್ಲ, ಆದರೆ ಕುಡಿಯುವವರು ಗಾಜಿನ ಚೂರೆಂದು ಹೆದರುತ್ತಾರೆ.

ಬಾಟಲಿಗಳಿಗೆ ಒಂದು ಪೈಸೆ ಖರ್ಚಾಗಲಿಲ್ಲ. ಅಟ್ಟದ ಮೇಲಿದ್ದ ಜಾಮು, ಸಾಸು, ಕಾಫಿಪುಡಿಯ ಗಾಜಿನ ಬಾಟಲಿಗಳನ್ನೆಲ್ಲ ಇಳಿಸಿದೆವು. ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ, ಸಣ್ಣ ಕೊರಕಲು ಇದ್ದದ್ದನ್ನು ಚಿಗವ್ವ ಪಕ್ಕಕ್ಕೆ ಸರಿಸಿದಳು. ಮುಚ್ಚಳದ ಒಳಗಿನ ರಬ್ಬರಿನ ಸುತ್ತು ಗಟ್ಟಿಯಾಗಿ ಸೀಳಿದ್ದರೆ, ತುಕ್ಕು ಹಿಡಿದಿದ್ದರೆ ಅದೂ ಬೇಡ. ತೊಳೆದ ಬಾಟಲಿಗಳನ್ನು ನೀರಲ್ಲೇ ಕುದಿಸಿ ಬಿಸಿಯಾಗಿಯೇ ಇಟ್ಟುಕೊಂಡೆವು. ರಸಕ್ಕೆ ಹದವಾಗಿ ಸಕ್ಕರೆ, ನಾಲ್ಕು ಇಂಡಿ ಲಿಂಬೆಯ ಹುಳಿ ಸೇರಿಸಿ ಕುದಿಯ ಅಂಚಿಗೆ ತಂದು, ಬಿಸಿ ಬಾಟಲಿಗೆ ಬಿಸಿ ರಸ, ಬಾಯಿಂದ ಅರ್ಧ ಬೆರಳು ಬಿಟ್ಟು ತುಂಬಿ ಮುಚ್ಚಳ ಬಿಗಿದೆವು. ಆಮೇಲೆ ದೊಡ್ಡ ಪಾತ್ರೆಯ ತಳಕ್ಕೆ ಮಡಿಚಿದ ಬಟ್ಟೆ ಹಾಸಿ ಬಾಟಲಿಗಳನ್ನು ನಿಲ್ಲಿಸಿ, ಮುಚ್ಚಳ ಮುಳುಗುವಷ್ಟು ಬಿಸಿನೀರು ಹಾಕಿ, ಕುದಿ ಬಂದ ಮೇಲೆ ಹದಿನೈದು ನಿಮಿಷ. ತಳಕ್ಕೆ ಬಟ್ಟೆ ಇರದಿದ್ದರೆ ಗಾಜು ನೇರ ಉರಿಗೆ ಸಿಕ್ಕು ಸೀಳುತ್ತದೆ. ಹೊರತೆಗೆದ ಮೇಲೂ ಬರಿಯ ಕಡಪಾ ಕಲ್ಲಿನ ಮೇಲೆ ಇಡಕೂಡದು, ಬಟ್ಟೆಯ ಮೇಲೇ ಆರಬೇಕು.

ಆರುವಾಗ ಒಂದೊಂದೇ ಮುಚ್ಚಳ ‘ಟಕ್’ ಎಂದು ಒಳಗೆ ಸೆಳೆದುಕೊಂಡಿತು. ಚಿಗವ್ವ ಪ್ರತಿಯೊಂದರ ನಡುವೆ ಬೆರಳಿಟ್ಟು ಒತ್ತಿ ನೋಡಿದಳು. ಒತ್ತಿದರೆ ಕೆಳಗೆ ಮೇಲೆ ಆಡಿದ ಬಾಟಲಿಯನ್ನು ಬೇರೆ ಇಟ್ಟು, “ಇದು ಹಿಡದಿಲ್ಲ. ಫ್ರಿಜ್ಜಿನ್ಯಾಗ ಇಡು, ಮೊದಲ ಇದನ್ನ ಕುಡೀರಿ” ಅಂದಳು.

ಹೀಗೆ ಬಾಟಲಿ ಕುದಿಸುವ ಕ್ರಮಕ್ಕೂ ಒಂದು ಚರಿತ್ರೆ ಇದೆ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಗಾಜಿನ ಬಾಟಲಿಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿಟ್ಟು ಉಳಿಸುವ ಕ್ರಮ ಕಂಡುಹಿಡಿದು 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಯಾಕೆ ಕೆಡುವುದಿಲ್ಲ ಎಂದು ಅವನಿಗೂ ತಿಳಿದಿರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳೇ ಕೆಡಿಸುವುದು ಎಂದು ಪಾಶ್ಚರ್ ತೋರಿಸಿದ್ದು ಅರ್ಧ ಶತಮಾನ ಕಳೆದ ಮೇಲೆ. ಚಿಗವ್ವ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳ ಕೈಗೆ ಈ ಕ್ರಮ ಹೇಗೆ ಬಂತು ಎಂದು ಕೇಳಿದೆ. ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೊತೆ ಒಮ್ಮೆ ತರಬೇತಿಗೆ ಹೋಗಿದ್ದಳಂತೆ. ಅಲ್ಲಿ ಕಲಿತದ್ದನ್ನು ಅವಳು ಒಂದೇ ಮಾತಿನಲ್ಲಿ ಇಟ್ಟುಕೊಂಡಿದ್ದಳು: “ಹುಳಿ ಇದ್ದದ್ದನ್ನ ಅಷ್ಟ ಹಿಂಗ ಮಾಡಬೇಕವ್ವಾ. ಹುಳಿ ಇಲ್ಲದ್ದನ್ನ ಮುಟ್ಟಬ್ಯಾಡ.”

ಈ ಮಾತಿನ ಹಿಂದೆ ಜೀವದ ಪ್ರಶ್ನೆ ಇದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಬಾಟ್ಯುಲಿಸಂ ಎಂಬ ಕಾಯಿಲೆಯ ವಿಷ ಹುಟ್ಟಿಸುವ ಸೂಕ್ಷ್ಮಜೀವಿಯ ಬೀಜಕಗಳು ಕುದಿನೀರಿಗೆ ಸಾಯುವುದಿಲ್ಲ. ಗಾಳಿಯಿಲ್ಲದ ಮುಚ್ಚಿದ ಬಾಟಲಿ ಅವಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಅವು ಬೆಳೆಯಲಾರವು. ದ್ರಾಕ್ಷಿ, ಲಿಂಬೆ, ಮಾವಿನಕಾಯಿ ಆ ಗೆರೆಯ ಕೆಳಗೇ ಇವೆ. ಬಟಾಣಿ, ಅವರೆ, ಗೋವಿನಜೋಳ, ಅಣಬೆಗಳು ಮೇಲಿವೆ. ಇವನ್ನು ಉಳಿಸಲು 121 ಡಿಗ್ರಿಯ ಒತ್ತಡದ ಉಗಿ ಬೇಕು, ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಮನೆಯ ಬೋಗುಣಿಯಲ್ಲಿ ಆಗುವ ಕೆಲಸವಲ್ಲ. ನಮ್ಮ ಬಡವರ ಮನೆಗಳಲ್ಲಿ ತರಕಾರಿಯನ್ನು ಉಳಿಸುವ ದಾರಿ ಬೇರೆಯೇ ಇದೆ, ಬಿಸಿಲಿಗೆ ಒಣಗಿಸುವುದು. ಚವಳಿಕಾಯಿ, ಬದನೆಕಾಯಿ ಹೋಳುಗಳನ್ನು ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಂಡು ಬಂದವರು ನಾವು. ಅದೇ ಸರಿಯಾದ ದಾರಿ.

ಹೊರಸಿನ ಮೇಲೆ ಹಣ್ಣು ಮುಕ್ಕಾಲು ಒಣಗಿದ್ದಾಗ ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಎದ್ದಿತು. ಏಪ್ರಿಲ್ ತಿಂಗಳ ಗಾಳಿ ಮಳೆ ನಮ್ಮ ಭಾಗದ ಮಣೂಕದವರಿಗೆ ದೊಡ್ಡ ಭಯ. ಶೆಡ್ಡಿಗೆ ಎರಚಲು ಹೊಡೆದರೆ ಹಸಿರು ಮಣೂಕ ಕಪ್ಪಾಗುತ್ತದೆ, ದರ ನೆಲ ಕಚ್ಚುತ್ತದೆ. ನಾವು ಹೊರಸು ಸಮೇತ ಎತ್ತಿ ಮೆಟ್ಟಿಲಿನ ಕೋಣೆಗೆ ತಂದೆವು. ಚಿಗವ್ವನಿಗೆ ಹೊರಸಿನ ಕಡೆ ಲಕ್ಷ್ಯವೇ ಇರಲಿಲ್ಲ. ಫೋನ್ ಹಿಡಿದು, “ತಾಡಪತ್ರಿ ಇಳಿಸೀರೇನ್ರೀ? ಪಡುವಣ ಮಗ್ಗಲದ್ದು ಬಿಗಿದೀರೇನ್ರೀ?” ಎಂದು ಕೂಗಿ ಕೇಳುತ್ತಿದ್ದಳು. ತಿಕೋಟಾದಲ್ಲಿ ಗಾಳಿ ಮೊದಲೇ ಮುಟ್ಟಿತ್ತು. ಕಾಕಾ ಮಗನೊಬ್ಬನನ್ನೇ ಜೊತೆಗಿಟ್ಟುಕೊಂಡು ತಾಡಪತ್ರಿ ಎಳೆಯುತ್ತಿದ್ದರು. ಅರ್ಧ ತಾಸು ಆ ಕಡೆಯಿಂದ ಉತ್ತರವಿಲ್ಲ. ಅವ್ವ ತಂಗಿಯ ಬೆನ್ನ ಮೇಲೆ ಕೈ ಇಟ್ಟು ಕೂತಿದ್ದಳು. ಕೊನೆಗೆ ಕಾಕಾನೇ ಫೋನ್ ಮಾಡಿ, ಒಂದೇ ಮಗ್ಗಲು ತೊಯ್ದಿದೆ, ಉಳಿದದ್ದು ಉಳಿದಿದೆ ಅಂದರು. ಚಿಗವ್ವ ದೇವರ ಜಗುಲಿಗೆ ದೀಪ ಹಚ್ಚಿ ಬಂದು ಹಣ್ಣು ಹೊರಳಿಸಲು ಕೂತಳು.

ಒಣಗಿತೋ ಇಲ್ಲವೋ ಎಂದು ನೋಡುವ ಕ್ರಮ ಹೀಗೆ. ಒಂದು ಮುಷ್ಟಿ ಹಿಡಿದು ಬಿಗಿಯಾಗಿ ಒತ್ತಿ ಬಿಟ್ಟರೆ ಕಾಳು ಬಿಡಿ ಬಿಡಿಯಾಗಿ ಉದುರಬೇಕು, ಅಂಗೈ ಒದ್ದೆಯಾಗಬಾರದು. ಆಮೇಲೆ ಗಾಜಿನ ಭರಣಿಗೆ ಮುಕ್ಕಾಲು ತುಂಬಿ ಒಂದು ವಾರ ದಿನಾ ಅಲ್ಲಾಡಿಸಬೇಕು. ಹೆಚ್ಚು ಒಣಗಿದ್ದು ಕಡಿಮೆ ಒಣಗಿದ್ದರ ತೇವ ಹೀರಿ ಎಲ್ಲವೂ ಸಮವಾಗುತ್ತವೆ. ಭರಣಿಯ ಒಳಗೋಡೆಗೆ ಬೆವರು ಕಂಡರೆ ಮತ್ತೆ ಹೊರಸಿಗೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಆಸುಪಾಸು ಮಣೂಕ ಬಂತು, ಶೆಡ್ಡಿನಲ್ಲಿ ಬರುವಷ್ಟೇ. ಖರ್ಚು ಅಂದರೆ ಕಿರಾಣಿ ಅಂಗಡಿಯಿಂದ ತಂದ ಸಕ್ಕರೆ ಮಾತ್ರ. ಆಗ ಕಿಲೋಗೆ 40 ರೂಪಾಯಿ ಆಸುಪಾಸು. ಮೇ ತಿಂಗಳಲ್ಲಿ ಮಾವಿನಕಾಯಿ ಬಂದಾಗ ಅದೇ ಬಾಟಲಿಗಳ ಪಕ್ಕದಲ್ಲಿ ಅದನ್ನು ಬೆಲ್ಲದಲ್ಲಿ ಬೇಯಿಸಿದ ಗುಳಂಬವೂ ಕೂತಿತು. 

ಆ ಹಣ್ಣಿನಿಂದ ಕಾಕಾನ ನಷ್ಟವೇನೂ ತುಂಬಲಿಲ್ಲ. ಒಂದು ಮನೆಯ ಭರಣಿಗಳು ಒಂದು ಪಡದ ಸಾಲ ತೀರಿಸಲಾರವು. ಆದರೆ ಚಿಗವ್ವ ಊರಿಗೆ ಹೋಗುವಾಗ ಮಣೂಕದ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಟೆಂಪೋ ಹತ್ತಿದ್ದು ನನಗೆ ಗೊತ್ತು. ಮರುವರ್ಷದಿಂದ ಅವಳು ಮತ್ತು ತಿಕೋಟಾದ ಅವಳ ಓಣಿಯ ಹೆಣ್ಣುಮಕ್ಕಳು ಪೇಟೆಗೆ ಹೋಗದ ಉದುರುಹಣ್ಣನ್ನು ಕೂಡಿಯೇ ಉಳಿಸುತ್ತಾರೆ. ನಮ್ಮ ಮನೆಯಲ್ಲಿಯೂ ಆ ವರ್ಷದಿಂದ ಪೇಟೆಯ ಜಾಮು ಶರಬತ್ತು ತಂದಿಲ್ಲ.

ಕಲಿಯುವ ಮನಸ್ಸಿದ್ದರೆ ವಿಜಯಪುರದ ಪಕ್ಕದಲ್ಲೇ ಹಿಟ್ನಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಮ್ಮೆ ಹೋಗಿ ಕೇಳಿ. ಬಾಟಲಿಯ ಮೇಲೆ ತುಂಬಿದ ತಾರೀಖು ಬರೆದು ಅಂಟಿಸಿ. ಉಬ್ಬಿದ ಮುಚ್ಚಳ, ತೆರೆದಾಗ ಬುಸುಗುಟ್ಟುವ ರಸ, ಬೇರೆ ವಾಸನೆ, ಇವುಗಳಲ್ಲಿ ಒಂದು ಕಂಡರೂ ರುಚಿ ನೋಡದೆ ಚೆಲ್ಲಿಬಿಡಿ, ಹಣ ಹೋಯಿತೆಂದು ನೋಯಬೇಡಿ. ಬರುವ ಮಾರ್ಚಿನಲ್ಲಿ ತಿಕೋಟಾ, ಬಬಲೇಶ್ವರದ ರೈತರು ನಿಮ್ಮ ಓಣಿಗೆ ಹಣ್ಣಿನ ಗಾಡಿ ತಂದರೆ ತಿನ್ನಲು ಬೇಕಾದದ್ದಕ್ಕಿಂತ ಒಂದು ಕ್ರೇಟು ಹೆಚ್ಚಿಗೆ ಕೊಳ್ಳಿ, ಚೌಕಾಶಿ ಮಾಡದೆ ಕೊಳ್ಳಿ.